ಹೆತ್ತವಳು ನಡೆಯುವ ತನಕ

ಕೋಕಿಲಾ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಕೊನೆಗೆ ಹೇಳಿದರೆ ಯಾರೂ ನಂಬುವುದಿಲ್ಲ. ಬಸವೇಶ್ವರನಗರದ ಆ ಬೀದಿಯಲ್ಲಿ ಅವಳಷ್ಟು ಮೆತ್ತನೆಯ ಮನಸ್ಸಿನವಳು ಇನ್ನೊಬ್ಬಳಿರಲಿಲ್ಲ. ಬೀದಿನಾಯಿ ಮರಿ ಹಾಕಿದರೆ ಗೋಣಿತಾಟು ಹಾಸಿ ಹಾಲಿಡುವವಳು ಅವಳು. ಕೆಲಸದವಳ ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎಂದರೆ ಗಣಪತಿಗೆ ಹರಕೆ ಹೊರುವವಳೂ ಅವಳೇ. ಗಂಡ ಚಕ್ರಪಾಣಿ ವಿಮಾ ಕಚೇರಿಯಲ್ಲಿ ಅಧಿಕಾರಿ. ಸಂಜೆ ಬಂದು ಕುರ್ಚಿಯಲ್ಲಿ ಕೂತರೆ ಊಟಕ್ಕೆ ಕರೆಯುವ ತನಕ ಏಳದ ಆಸಾಮಿ. ಒಬ್ಬಳೇ ಮಗಳು ರಾಗಿಣಿ, ಒಂದು ವರ್ಷ ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಮುಗಿಸಿಕೊಂಡು ಬಂದು ರಾಜಾಜಿನಗರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಹೊರಟುಹೋದರೆ ಸಂಜೆಯ ತನಕ ಆ ಮನೆಯಲ್ಲಿ ಮಾತಾಡುವುದಕ್ಕೆ ಒಂದು ನರಪಿಳ್ಳೆಯಿಲ್ಲ. ಆ ಉದ್ದನೆಯ ಮಧ್ಯಾಹ್ನಗಳೇ ಕೋಕಿಲಾಳನ್ನು ಈ ಕೆಲಸಕ್ಕೆ ಹಚ್ಚಿದವು ಅಂದರೂ ಸರಿಯೇ.

ರಾಜಾಜಿನಗರದಲ್ಲಿ ಒಂದು ಮಹಿಳಾ ಸಭೆಯಿತ್ತು. ಮಕ್ಕಳ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಸತ್ಯವತಿ ಎನ್ನುವಾಕೆ ಬಂದು ಮಾತಾಡಿದರು. ಇದು ದತ್ತು ಅಲ್ಲ, ಹೆತ್ತವರಿಗೆ ಕಷ್ಟಕಾಲ ಬಂದಾಗ ಅದು ಕಳೆಯುವ ತನಕ ಅವರ ಮಗುವನ್ನು ಮನೆಯಲ್ಲಿಟ್ಟುಕೊಂಡು ಸಾಕುವುದು, ಆಮೇಲೆ ಅವರ ಕೈಗೇ ಒಪ್ಪಿಸುವುದು, ಆಶ್ರಮದ ಗೋಡೆಗಿಂತ ಮನೆಯ ಮಡಿಲು ಮೇಲಲ್ಲವೇ ಎಂದರು. ಸಭೆಯಲ್ಲಿದ್ದ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಯಾರಾದರೂ ಮುಂದೆ ಬರುತ್ತೀರಾ ಎಂದು ಕೇಳಿದ್ದೇ ತಡ, ಒಬ್ಬಳಿಗೆ ಅತ್ತೆಯ ನೆನಪಾಯಿತು, ಇನ್ನೊಬ್ಬಳಿಗೆ ಗ್ಯಾಸಿನ ಮೇಲಿಟ್ಟು ಬಂದ ಬೇಳೆಯ ನೆನಪಾಯಿತು. ಕೈಯೆತ್ತಿದವಳು ಕೋಕಿಲಾ ಒಬ್ಬಳೇ.

ಚಕ್ರಪಾಣಿ ಮೊದಲು ಮುಖ ಸಿಂಡರಿಸಿದರು. ರಾಗಿಣಿ ಕುಣಿದಾಡಿದಳು. ಸತ್ಯವತಿ ಮೂರು ನಾಲ್ಕು ಸಲ ಮನೆಗೆ ಬಂದು, ಅಡುಗೆಮನೆ, ಬಚ್ಚಲು, ಮನಸ್ಸು ಎಲ್ಲವನ್ನೂ ನೋಡಿಕೊಂಡು ಹೋದರು. ಮಕ್ಕಳ ಕಲ್ಯಾಣ ಸಮಿತಿ ಒಪ್ಪಿತು. ಶ್ರಾವಣದ ಒಂದು ಬೆಳಿಗ್ಗೆ ಐದು ತಿಂಗಳ ಹೆಣ್ಣುಕೂಸು ಬಂತು. ಹೆಸರು ನೀಲವ್ವ.

ಕೂಸಿನ ತಾಯಿ ಮುತ್ತವ್ವ ಕೊಪ್ಪಳದ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಲಗ್ಗೆರೆಯಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದರು. ಬಾಣಂತನ ಮುಗಿಯಿತೋ ಇಲ್ಲವೋ, ಬಾಂಡಲಿ ಹೊತ್ತು ಮೇಲೆ ಹೋದವಳು, ಸಾರುವೆಯ ಮರ ಮುರಿದು ಎರಡನೇ ಅಂತಸ್ತಿನಿಂದ ಕೆಳಗೆ ಬಿದ್ದಳು. ತೊಡೆಯ ಮೂಳೆ ಎರಡು ತುಂಡು. ಗಂಡ ಭರಮಪ್ಪ ಊರಿಗೆ ಹೋಗಿ ಅಣ್ಣತಮ್ಮಂದಿರನ್ನು ಕೇಳಿ ಬರುತ್ತೇನೆಂದು ಹೋದವನು ಪತ್ತೆಯೇ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಲಿಗೆ ಸರಳು ಹಾಕಿದರು, ಅದು ಕೀವಾಗಿ ತೆಗೆದು ಮತ್ತೆ ಹಾಕಿದರು. ನೆಟ್ಟಗೆ ನಡೆಯಲು ವರ್ಷದ ಮೇಲಾಗುತ್ತದೆ ಎಂದರು ಡಾಕ್ಟರು.

ತಿಂಗಳಿಗೊಮ್ಮೆ ಕೂಸನ್ನು ತಾಯಿಗೆ ತೋರಿಸಬೇಕು ಎನ್ನುವುದು ಕರಾರು. ಮೊದಲ ಸಲ ಆಸ್ಪತ್ರೆಗೆ ಹೋದಾಗ ಕೋಕಿಲಾ ಮುತ್ತವ್ವನನ್ನು ಕಂಡಳು. ಇಪ್ಪತ್ತೆರಡರ ಹುಡುಗಿ, ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಳು. ಕೂಸನ್ನು ಪಕ್ಕದಲ್ಲಿ ಮಲಗಿಸಿದರೆ ಅದು ಕಿಟಾರನೆ ಕಿರುಚಿ ಕೋಕಿಲಾಳ ಸೆರಗಿಗೇ ಕೈ ಹಾಕಿತು. ಕೋಕಿಲಾಳಿಗೆ ನಾಚಿಕೆಯಾಯಿತು. ಸುಳ್ಳೇಕೆ, ಒಳಗೊಳಗೇ ಹಿಗ್ಗೂ ಆಯಿತು. ಮುತ್ತವ್ವ ಮಾತ್ರ ಮುಖ ಸಣ್ಣದು ಮಾಡಲಿಲ್ಲ.

"ನಿಮ್ಮನ್ನ ಹಚ್ಚಿಕೊಂಡೈತಿ ಬಿಡ್ರೀ ಅಮ್ಮಾರ, ಚಲೋನ ಆತು," ಎಂದಳು. "ಇನ್ನ ಇಲ್ಲಿ ನನಗ ನಿದ್ದಿ ಬರತೈತಿ."

ಕೋಕಿಲಾ ಹಾಸಿಗೆಯ ಹತ್ತಿರ ಬಾಗಿದಳು. ಅವಳ ಕೈ ಹಿಡಿದುಕೊಂಡು, "ನೀನು ನೆಟ್ಟಗೆ ನಡೆಯೋ ತನಕ ಇವಳು ನಮ್ಮನೇಲೇ ಇರ್ತಾಳಮ್ಮ. ನನ್ನ ಮಾತು," ಎಂದಳು. ಯಾರೂ ಕೇಳಿರಲಿಲ್ಲ. ತಾನಾಗಿಯೇ ಕೊಟ್ಟ ಮಾತು ಅದು, ಮನಸ್ಸಿನಿಂದಲೇ ಕೊಟ್ಟದ್ದು.

ಇಷ್ಟರವರೆಗೆ ಎಲ್ಲ ಸರಿಯಾಗಿಯೇ ಇತ್ತು. ಕೆಟ್ಟದ್ದು ತರಕಾರಿ ಗಾಡಿಯ ಹತ್ತಿರ.

ಎದುರುಮನೆಯ ವಿಜಯಶ್ರೀ ಸೊಪ್ಪು ಆರಿಸುತ್ತ, ಕೋಕಿಲಾಳ ಸೊಂಟದ ಮೇಲಿದ್ದ ಕೂಸಿನ ಗಲ್ಲ ಹಿಂಡಿ, ಯಾರ ಮಗು ಎಂದು ಕೇಳಿದಳು. ಕೇಳಲಿ, ತಪ್ಪೇನಿಲ್ಲ. ಕೋಕಿಲಾ ಉತ್ತರ ಕೊಡುವುದರೊಳಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದಳು. "ನಮ್ಮ ಪೈಕಿನೇ ತಾನೇ?"

ಆ ಬಡಾವಣೆಯಲ್ಲಿ ಜಾತಿ ಯಾವುದು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಓದಿದವರು ನೋಡಿ, ಹಾಗೆ ಕೇಳುವುದು ಅಸಹ್ಯ. ನಮ್ಮ ಪೈಕಿಯಾ, ಯಾವ ಕಡೆಯವರು, ಮನೆದೇವರು ಯಾವುದು, ಅಷ್ಟೇ. ಶುಕ್ರವಾರ ಅದೇ ವಿಜಯಶ್ರೀಯ ಮನೆಯಲ್ಲಿ ಲಕ್ಷ್ಮೀಪೂಜೆ, ಕೂಸನ್ನು ಕರೆದುಕೊಂಡೇ ಹೋಗಬೇಕು. ಕಟ್ಟಡದ ಕೂಲಿಯವಳ ಮಗು, ಜಾತಿ ಗೊತ್ತಿಲ್ಲ, ಕೇಳಲೂ ಇಲ್ಲ ಎಂದು ಹೇಳಿದರೆ ಇವರು ಬಾಗಿಲಲ್ಲೇ ನಗುತ್ತಾರೆ, ಆದರೆ ಕುಂಕುಮಕ್ಕೆ ಮತ್ತೆ ಕರೆಯುವುದಿಲ್ಲ. ಇಷ್ಟನ್ನೂ ಒಂದು ಕಟ್ಟು ಮೆಂತ್ಯ ಆರಿಸುವಷ್ಟರಲ್ಲಿ ಯೋಚಿಸಿದ ಕೋಕಿಲಾ, "ನಮ್ಮೋರೇ ಕಣ್ರೀ. ಅರಸೀಕೆರೇಲಿ ಇವರ ದೊಡ್ಡಪ್ಪನ ಮೊಮ್ಮಗಳಿದಾಳಲ್ಲ, ಅವಳ ಮಗು. ಅವಳಿಗೆ ಹುಷಾರಿಲ್ಲ," ಎಂದುಬಿಟ್ಟಳು.

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಕಷ್ಟವೇ ಇದು. ಬೇಕಾದ್ದಕ್ಕಿಂತ ಒಂದು ಹಿಡಿ ಜಾಸ್ತಿಯೇ ಹೇಳುತ್ತಾರೆ. ಅರಸೀಕೆರೆ ಯಾಕೆ ಬೇಕಿತ್ತು? ದೊಡ್ಡಪ್ಪ ಯಾಕೆ ಬೇಕಿತ್ತು? ಮನೆಗೆ ಬಂದು ಹೇಳಿದಾಗ ಚಕ್ರಪಾಣಿ, ಒಳ್ಳೆಯದೇ ಆಯಿತು ಬಿಡು ಎಂದು ಪೇಪರು ಮಡಚಿಟ್ಟರು. ರಾಗಿಣಿಗೊಬ್ಬಳಿಗೆ ಮೈ ಉರಿಯಿತು. ಒಳ್ಳೆ ಕೆಲಸ ಮಾಡುವುದಕ್ಕೂ ಕಳ್ಳತನ ಯಾಕೆ ಎಂದು ಕೇಳಿದಳು. ಮದುವೆಯಾಗಿ ಸಂಸಾರ ಮಾಡಿದರೆ ಗೊತ್ತಾಗುತ್ತದೆ ಎಂದು ಕೋಕಿಲಾ ಅವಳ ಬಾಯಿ ಮುಚ್ಚಿಸಿದಳು.

ಲಕ್ಷ್ಮೀಪೂಜೆಯಲ್ಲಿ ಕೂಸು ವಿಜಯಶ್ರೀಯ ತೊಡೆಯ ಮೇಲೆ ಕೂತು ಸಜ್ಜಿಗೆ ತಿಂದಿತು. ನೀಲವ್ವ ನೀಲಾ ಆದಳು. ಯುಗಾದಿಯ ಹೊತ್ತಿಗೆ ಗೋಡೆ ಹಿಡಿದು ನಿಂತಳು, ಆಮೇಲೆ ಕೈಬಿಟ್ಟು ನಡೆದಳು, ಚಕ್ರಪಾಣಿಯ ಕನ್ನಡಕವನ್ನು ಟಿ.ವಿ. ಹಿಂದೆ ಬಚ್ಚಿಟ್ಟಳು. ಕುರ್ಚಿಯಿಂದ ಏಳದ ಮನುಷ್ಯ ಕನ್ನಡಕ ಹುಡುಕುವ ನೆಪದಲ್ಲಿ ಅವಳ ಹಿಂದೆ ಅಂಬೆಗಾಲಿಡುತ್ತಿದ್ದರು. ಅಷ್ಟು ಚಂದದ ವರ್ಷ ಆ ಮನೆಗೆ ಮುಂಚೆ ಬಂದಿರಲಿಲ್ಲ. ಆಮೇಲೂ ಬರಲಿಲ್ಲ.

ರಾಗಿಣಿಗೆ ಸಂಬಂಧ ಬಂತು. ವಿಜಯನಗರದ ಸೇತುರಾಮ ಅವರ ಮಗ ಅಭಿನವ್, ಬ್ಯಾಂಕಿನಲ್ಲಿ ಕೆಲಸ, ಜಾತಕ ಕೂಡಿಬಂತು, ಹುಡುಗ ಹುಡುಗಿ ಫೋಟೋ ನೋಡಿ ಒಪ್ಪಿದ್ದರು. ಹೆಣ್ಣು ನೋಡಲು ಬಂದ ದಿನ ಎಲ್ಲ ಸಾಂಗವಾಗಿ ನಡೆಯಿತು. ರಾಗಿಣಿ ಕಾಫಿ ತಟ್ಟೆ ಹಿಡಿದು ಬಂದಳು. ಒಳಕೋಣೆಯಲ್ಲಿ ಮಲಗಿಸಿದ್ದ ನೀಲಾ ಎದ್ದು, ತಟಪಟ ಹೆಜ್ಜೆ ಹಾಕಿಕೊಂಡು ಹೊರಗೆ ಬಂದು, ಎಲ್ಲರೆದುರಿಗೆ ರಾಗಿಣಿಯ ಸೀರೆ ನೆರಿಗೆ ಹಿಡಿದು "ಅಮ್ಮ" ಎಂದಳು.

ಅದು ಬೆಕ್ಕನ್ನು ಕಂಡರೂ ಅಮ್ಮ ಅನ್ನುತ್ತಿದ್ದ ವಯಸ್ಸು. ಎಲ್ಲರೂ ನಕ್ಕರು. ಸೇತುರಾಮರ ಹೆಂಡತಿಯೂ ನಕ್ಕರು, ಆದರೆ ಅವರ ನಗು ಅರ್ಧದಲ್ಲೇ ನಿಂತಿತು. ಯಾರ ಮಗು ಎಂದು ಕೇಳಿದರು. ಕೋಕಿಲಾ ಅರಸೀಕೆರೆಯ ಕಥೆ ಹೇಳಿದಳು. ವರ್ಷದಿಂದ ಹೇಳಿ ಹೇಳಿ ಅದೀಗ ಸರಾಗವಾಗಿ ಬರುತ್ತಿತ್ತು.

ಎರಡು ವಾರ ಸುದ್ದಿಯಿಲ್ಲ. ಆಮೇಲೆ ಸೇತುರಾಮ ಒಬ್ಬರೇ ಬಂದರು. ಬಹಳ ಸಂಭಾವಿತರು, ಯಾರ ಮನಸ್ಸನ್ನೂ ನೋಯಿಸದ ಹಾಗೆ ಮಾತಾಡುವವರು. ಹವಾಮಾನ, ಮಾಗಡಿ ರಸ್ತೆಯ ಗುಂಡಿ, ಎಲ್ಲ ಮುಗಿಸಿಕೊಂಡು ವಿಷಯಕ್ಕೆ ಬಂದರು. ಅವರ ಭಾವಮೈದ ಅರಸೀಕೆರೆಯಲ್ಲೇ ಇರುವುದಂತೆ.

"ನಾವೇನೂ ಅನ್ನಲ್ಲ ಚಕ್ರಪಾಣಿಯವರೇ," ಎಂದರು. "ಆದ್ರೆ ಅಲ್ಲಿ ನಿಮ್ಮ ದೊಡ್ಡಪ್ಪನ ಮನೇಲಿ ಅಂಥಾ ಮೊಮ್ಮಗಳೂ ಇಲ್ವಂತೆ, ಮಗೂನೂ ಇಲ್ವಂತೆ."

ಆಮೇಲೆ ಕಾಫಿ ಲೋಟ ಕೆಳಗಿಟ್ಟು, ರಾಗಿಣಿ ಮೈಸೂರಿನಲ್ಲಿ ಇದ್ದದ್ದು ಯಾವಾಗಿನಿಂದ ಯಾವಾಗಿನವರೆಗೆ ಎಂದು, ಬಸ್ಸಿನ ವೇಳೆ ಕೇಳುವವರ ಹಾಗೆ ಕೇಳಿದರು.

ಥೂ, ಇದೆಂಥ ಮಾತು ಎಂದು ಎದ್ದು ಕೂಗಬೇಕೆನ್ನಿಸಿತು ಕೋಕಿಲಾಳಿಗೆ. ಆದರೆ ಲೆಕ್ಕ ಹಾಕಿದರೆ ಅವರ ಲೆಕ್ಕ ಕೂಡುತ್ತಿತ್ತು. ಮಗಳು ಒಂದು ವರ್ಷ ಮನೆಯಲ್ಲಿರಲಿಲ್ಲ, ಬಂದ ಮೂರು ತಿಂಗಳಿಗೆ ಮನೆಗೊಂದು ಕೂಸು, ಕೂಸು ಯಾರದೆಂದು ಕೇಳಿದರೆ ಇಲ್ಲದ ನೆಂಟರ ಹೆಸರು. ಈ ಲೆಕ್ಕವನ್ನು ಎದುರುಮನೆಯ ವಿಜಯಶ್ರೀ ಎಂದೋ ಹಾಕಿ ಮುಗಿಸಿದ್ದಳು ಎನ್ನುವುದೂ ಆಮೇಲೆ ಗೊತ್ತಾಯಿತು.

ಸೇತುರಾಮರನ್ನು ಹೇಗೋ ಸಾಗಹಾಕಿದ ಮೇಲೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ನಿಜ ಹೇಳಿಬಿಡೋಣ, ಸಮಿತಿಯ ಆದೇಶ ತೋರಿಸೋಣ ಎಂದಳು ಕೋಕಿಲಾ. ಚಕ್ರಪಾಣಿ ಒಪ್ಪಲಿಲ್ಲ. ನಿಜ ಹೇಳಿದರೆ, ಒಂದು ವರ್ಷ ಊರಿಗೆಲ್ಲ ಸುಳ್ಳು ಹೇಳಿದವರು ಎಂದಾಗುತ್ತದೆ. ಯಾರದೋ ಮಗುವನ್ನು ನಮ್ಮದೆಂದು ಹೇಳಿ ಪೂಜೆಯ ಮನೆಗಳಿಗೆಲ್ಲ ಹೊಗಿಸಿದರು ಎಂದಾಗುತ್ತದೆ. ಅಂಥ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಅದಕ್ಕಿಂತ ತಾಯಿಗೆ ಹುಷಾರಾಯಿತು, ಬಂದು ಕರೆದುಕೊಂಡು ಹೋದರು ಎಂದರೆ ಎಲ್ಲ ತಣ್ಣಗಾಗುತ್ತದೆ. ಕೂಸನ್ನು ಬೀದಿಗೆ ಬಿಡುವುದಿಲ್ಲವಲ್ಲ, ಸಂಸ್ಥೆಯವರು ನೋಡಿಕೊಳ್ಳುತ್ತಾರೆ ಎಂದರು. ಹೇಳುವಾಗ ನೀಲಾ ಅವರ ಕಾಲ ಮೇಲೆಯೇ ನಿಂತು ಕನ್ನಡಕಕ್ಕೆ ಕೈ ಚಾಚುತ್ತಿದ್ದಳು. ಆದರೂ ಹೇಳಿದರು.

ರಾಗಿಣಿ ಅಷ್ಟೂ ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದಳು.

"ಈ ಸಂಬಂಧ ಹೋದ್ರೆ ಹೋಗ್ಲಿ. ನೀವು ಅವಳನ್ನ ಕಳಿಸೋದಾದ್ರೆ ಕಳಿಸಿ," ಎಂದಳು. "ಆದ್ರೆ ರಾಗಿಣಿಗೋಸ್ಕರ ಅಂತ ಮಾತ್ರ ಹೇಳ್ಬೇಡ ಅಮ್ಮ. ಯಾರ ಹತ್ರಾನೂ ಹೇಳ್ಬೇಡ."

ಕೋಕಿಲಾ ಅತ್ತಳು. ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಕೂಸಿನ ಬಟ್ಟೆಗಳನ್ನು ಒಗೆದು ಮಡಚಿ ಚೀಲಕ್ಕೆ ತುಂಬಿದಳು. ಅಳುವುದು ಬೇರೆ, ಮಾಡುವುದು ಬೇರೆ. ಹಿಂದಿನ ತಿಂಗಳು, ಆಸ್ಪತ್ರೆ ಬಿಟ್ಟ ಮೇಲೆ ತಾನಿದ್ದ ಹೆಂಗಸರ ಆಶ್ರಯಧಾಮದಲ್ಲಿ, ಮುತ್ತವ್ವ ಊರುಗೋಲು ಹಿಡಿದು ನಿಂತು ತೋರಿಸಿದ್ದಳು, ಇನ್ನೊಂದು ಆರು ತಿಂಗಳಂತ್ರೀ ಎಂದಿದ್ದಳು. ಬರೀ ಆರು ತಿಂಗಳು. ಕೂಸನ್ನೂ ಚೀಲವನ್ನೂ ಎತ್ತಿಕೊಂಡು ಕೋಕಿಲಾ ಸಂಸ್ಥೆಯ ಮೆಟ್ಟಿಲು ಹತ್ತಿದಳು.

ಸತ್ಯವತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಯಾಕೆ ಎಂದು ಕೇಳಿದರು, ಸಮಿತಿಗೆ ಕಾರಣ ಹೇಳಬೇಕಲ್ಲ ಎಂದರು. ಮಗಳ ಹೆಸರು ಹೇಳುವ ಹಾಗಿಲ್ಲ. ಗಂಡನ ಹೆಸರು ಹೇಳಿದರೆ ಮಾನ ಹೋಗುತ್ತದೆ. ಕೋಕಿಲಾ ನೆಲ ನೋಡುತ್ತ, "ನನಗೆ ಮಂಡಿ ನೋವು ಮೇಡಂ. ಮಗು ಹಿಂದೆ ಓಡಾಡೋಕೆ ಆಗ್ತಾ ಇಲ್ಲ," ಎಂದಳು.

ಕೂಸನ್ನು ಆಯಾ ಒಬ್ಬಳು ಎತ್ತಿಕೊಂಡು ಒಳಗೆ ಹೋದಳು. ಗೋಡೆಯಾಚೆಯಿಂದ ಅಮ್ಮ ಅಮ್ಮ ಎಂದು ಕೂಗುವುದು ಆಟೋ ಹತ್ತುವ ತನಕ ಕೇಳಿಸುತ್ತಿತ್ತು. ಆಟೋದಲ್ಲಿ ಕೋಕಿಲಾ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ನವರಂಗ್ ಸಿಗ್ನಲ್ಲಿನಲ್ಲಿ ಡ್ರೈವರು, ಆಂಟಿ ನೀರು ಬೇಕಾ ಎಂದು ಕೇಳಿದ.

ಇಷ್ಟೆಲ್ಲ ಮಾಡಿ ಏನು ಸಾಧಿಸಿದ ಹಾಗಾಯಿತು? ಏನೂ ಇಲ್ಲ. ಮೊದಲು ಮಗು ಯಾರದು ಎನ್ನುತ್ತಿದ್ದ ಜನ ಈಗ ಮಗು ಎಲ್ಲಿ ಎನ್ನತೊಡಗಿದರು. ಗಂಡಿನ ಕಡೆಯವರು ಕೇಳಿದ್ದೇ ತಡ ಮಗು ಮಾಯ! ನಿಜವಾಗಿ ನೆಂಟರ ಮಗುವಾಗಿದ್ದರೆ ಹೀಗೆ ರಾತ್ರೋರಾತ್ರಿ ಸಾಗಿಸುತ್ತಿದ್ದರೇ? ಅನುಮಾನ ಇದ್ದದ್ದು ಈಗ ಗಟ್ಟಿಯಾಯಿತು. ಒಂದು ಭಾನುವಾರ ಬೆಳಿಗ್ಗೆ ಸೇತುರಾಮ, ಅವರ ಹೆಂಡತಿ, ಅಭಿನವ್ ಮೂವರೂ ಬಂದು ಕೂತಾಗಲೇ ಅವರ ಮುಖ ನೋಡಿ ಕೋಕಿಲಾಳಿಗೆ ಗೊತ್ತಾಗಿಹೋಯಿತು. ಬೇಡ ಎಂದು ಹೇಳಲು ಬಂದಿದ್ದರು. ಫೋನಿನಲ್ಲಿ ಹೇಳಿದರೆ ಚೆನ್ನಾಗಿರುವುದಿಲ್ಲ ಎಂದು, ಮರ್ಯಾದೆಯ ಜನ, ಮನೆಗೇ ಬಂದಿದ್ದರು.

ಕೋಕಿಲಾ ಕೇಸರಿಬಾತ್ ತಟ್ಟೆಗಳನ್ನು ತಂದಿಟ್ಟಳು. ಸೇತುರಾಮ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗೇಟು ಸದ್ದಾಯಿತು.

ಮುತ್ತವ್ವ ನಿಂತಿದ್ದಳು. ಒಂದು ಕಂಕುಳಲ್ಲಿ ಊರುಗೋಲು. ಹಿಂದೆ ಅವಳ ಜೊತೆಗೆ ಕೆಲಸ ಮಾಡುತ್ತಿದ್ದ ಹನುಮವ್ವ ಎನ್ನುವ ಹೆಂಗಸು, ಅವಳ ಸೊಂಟದ ಮೇಲೆ ನೀಲಾ. ಕೂಸಿನ ಕೆನ್ನೆ ಇಳಿದುಹೋಗಿತ್ತು. ಹಣೆಯ ಮೇಲೆ ಒಂದು ಗಾಯ, ಸೊಂಟದ ಸುತ್ತ ಬಟ್ಟೆ ಉಜ್ಜಿದ ಕೆಂಪು ಗೆರೆ.

ಸತ್ಯವತಿಯಿಂದ ವಿಷಯ ತಿಳಿದವಳು, ತಾಯಿ ಇದ್ದೂ ಕೂಸು ಅನಾಥಾಶ್ರಮದಲ್ಲಿರುವುದೇ ಎಂದು ಹಟ ಹಿಡಿದು, ಸಮಿತಿಯವರ ಮುಂದೆ ಅತ್ತು ಕರೆದು ಬಿಡಿಸಿಕೊಂಡು, ಲಗ್ಗೆರೆಯ ಶೆಡ್ಡಿಗೆ ಮರಳಿದ್ದಳು. ಇದೆಲ್ಲ ಕೋಕಿಲಾಳಿಗೆ ಗೊತ್ತಿರಲಿಲ್ಲ. ಗೇಟಿನ ಈಚೆಗೆ ನಿಂತು ಅವಳು ಮೊದಲು ಮಾಡಿದ್ದು ಎದುರುಮನೆಯ ಕಿಟಕಿ ನೋಡಿದ್ದು.

"ನಿಮ್ಮ ಮೊಣಕಾಲ ಬ್ಯಾನಿ ಹೆಂಗೈತ್ರೀ ಅಮ್ಮಾರ?" ಎಂದಳು ಮುತ್ತವ್ವ. ಸೊಂಟದ ಗಂಟಿನಿಂದ ಒಂದು ಸಣ್ಣ ಶೀಶೆ ತೆಗೆದಳು. ಊರಿಂದ ಯಾರೋ ಬಂದವರ ಕೈಲಿ ತರಿಸಿದ ಎಣ್ಣೆಯಂತೆ, ಬೆಚ್ಚಗೆ ಮಾಡಿ ತಿಕ್ಕಿದರೆ ಎಂಥ ನೋವೂ ಉಳಿಯುವುದಿಲ್ಲವಂತೆ. ಮೂರು ಬಸ್ಸು ಬದಲಿಸಿ, ಮುರಿದ ಕಾಲೆಳೆದುಕೊಂಡು, ಗಟ್ಟಿಮುಟ್ಟಾದ ಮಂಡಿಗಳಿಗೆ ಎಣ್ಣೆ ತಂದಿದ್ದಳು ಪುಣ್ಯಾತ್ಗಿತ್ತಿ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಕೋಕಿಲಾಳಿಗೆ.

ಮುತ್ತವ್ವ ದನಿ ತಗ್ಗಿಸಿದಳು. "ನಮ್ಮ ಕೂಸು ಏನರ ತಪ್ಪ ಮಾಡೇತೇನ್ರಿ? ಮಾಡಿದ್ರ ಹೇಳ್ರಿ, ನಾ ತಿದ್ದತೀನಿ."

ಆ ಮಾತಿಗೆ ಕೋಕಿಲಾ ಅಲ್ಲೇ ಕುಸಿಯಬೇಕಿತ್ತು. ಕಣ್ಣಲ್ಲಿ ನೀರೂ ಬಂತು. ಆದರೆ ನೀರು ಬಂದ ಅದೇ ಕಣ್ಣಿಗೆ ಇನ್ನೊಂದು ಕಾಣಿಸಿತು. ಗೇಟಿನಲ್ಲಿ ನಿಂತವಳು ಈ ಕೂಸನ್ನು ಹೆತ್ತವಳು. ಒಳಗೆ ಕೂತವರಿಗೆ ಬೇಕಾಗಿದ್ದು ಅದೊಂದೇ. ಯಾವ ಆದೇಶವೂ ಬೇಡ, ಯಾವ ಆಣೆಯೂ ಬೇಡ, ಇವಳನ್ನೊಮ್ಮೆ ನಡುಮನೆಯಲ್ಲಿ ನಿಲ್ಲಿಸಿದರೆ ಸಾಕು. ಸುಳ್ಳು ಹೇಳಿದ್ದು ಬಯಲಾಗುತ್ತದೆ, ಆಗಲಿ. ಮುರಿಯಲೆಂದೇ ಬಂದವರ ಎದುರಿಗೆ ಇನ್ನು ಮುಚ್ಚಿಡಲು ಉಳಿದದ್ದೇನು?

"ಒಳಗೆ ಬಾಮ್ಮ," ಎಂದಳು. ಎಷ್ಟು ಅಕ್ಕರೆಯಿಂದ ಎಂದರೆ ಮುತ್ತವ್ವನ ಮುಖ ಅರಳಿಹೋಯಿತು.

ಕೋಕಿಲಾ ಅವಳ ತೋಳು ಹಿಡಿದು ನಡೆಸಿಕೊಂಡು ಬಂದು ನಡುಮನೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿದಳು. ಚಕ್ರಪಾಣಿಯ ಮುಖ ಬೂದಿಯಾಯಿತು. ಕೋಕಿಲಾ ಲೆಕ್ಕಿಸದೆ ಎಲ್ಲವನ್ನೂ ಹೇಳಿದಳು: ರಾಜಾಜಿನಗರದ ಸಭೆ, ಮುರಿದ ಸಾರುವೆ, ಆಸ್ಪತ್ರೆ, ಸಮಿತಿ, ಜನರ ಬಾಯಿಗೆ ಹೆದರಿ ಹೇಳಿದ ಅರಸೀಕೆರೆಯ ಸುಳ್ಳು. ಕಣ್ಣೀರು ತಾನಾಗಿಯೇ ಸುರಿಯುತ್ತಿತ್ತು. ಹೇಳದೆ ಬಿಟ್ಟದ್ದು ಒಂದೇ, ಕೂಸನ್ನು ವಾಪಸು ಯಾಕೆ ಕೊಟ್ಟೆವು ಎನ್ನುವುದು.

ಸೇತುರಾಮರ ಹೆಂಡತಿ ಸುಮ್ಮನೆ ನಂಬುವ ಪೈಕಿಯಲ್ಲ. ಹೆರಿಗೆ ಎಲ್ಲಾಯಿತಮ್ಮ, ಸೂಲಗಿತ್ತಿಯೋ ಆಸ್ಪತ್ರೆಯೋ, ಯಾವ ತಿಂಗಳು ಎಂದು ಒಂದೊಂದಾಗಿ ಕೇಳಿದರು. ಕೂಸನ್ನು ಸಾಕುವ ಮೊದಲು ದೊಡ್ಡಮನೆಯವರು ಹೀಗೆಲ್ಲ ಕೇಳುತ್ತಾರೇನೋ ಎಂದುಕೊಂಡ ಮುತ್ತವ್ವ, ಕೆಲಸಕ್ಕೆ ಸೇರುವವಳ ಹಾಗೆ ನೆಟ್ಟಗೆ ಕೂತು ಎಲ್ಲಕ್ಕೂ ಉತ್ತರ ಕೊಟ್ಟಳು. ಸೇತುರಾಮರ ಹೆಂಡತಿ, ಹಿಂದೆಯೇ ಬಂದು ನಿಂತಿದ್ದ ಹನುಮವ್ವನ ಸೊಂಟದಲ್ಲಿದ್ದ ಕೂಸಿನ ಗಲ್ಲ ಎತ್ತಿ ನೋಡಿದರು, ತಾಯಿಯ ಮುಖ ನೋಡಿದರು. ಅದೇ ಅಗಲ ಹಣೆ, ಅದೇ ಚೂಪು ಗದ್ದ.

"ಅಚ್ಚು ಹೊಡೆದ ಹಾಗಿದೆ," ಎಂದರು. ಅವರ ಮುಖದ ಗಂಟು ಬಿಚ್ಚಿತು.

ಆಮೇಲೆ ನೋಡಬೇಕಿತ್ತು ಆ ಮನೆಯ ಸಂಭ್ರಮ. ಸೇತುರಾಮ ಕೇಸರಿಬಾತಿನ ತಟ್ಟೆ ಎತ್ತಿಕೊಂಡರು. ಅಭಿನವ್ ಮೊದಲ ಸಲ ಮೊಬೈಲಿನಿಂದ ತಲೆಯೆತ್ತಿ ನಕ್ಕ. ಜಾತಿ ಗೀತಿ ಎಲ್ಲ ಯಾವ ಕಾಲದ್ದು ಬಿಡಿ, ಕೂಲಿಯವರ ಕೂಸನ್ನು ಎದೆಗವಚಿಕೊಂಡು ಸಾಕುವುದೆಂದರೆ ಸಾಮಾನ್ಯವೇ, ಇಂಥ ತಾಯಿ ಬೆಳೆಸಿದ ಹುಡುಗಿ ನಮ್ಮ ಮನೆಗೆ ಬರುವುದು ನಮ್ಮ ಪುಣ್ಯ ಎಂದರು ಸೇತುರಾಮರ ಹೆಂಡತಿ. ಕೋಕಿಲಾ ತಲೆ ತಗ್ಗಿಸಿ ಆ ಹೊಗಳಿಕೆಯನ್ನೆಲ್ಲ ಕೇಳಿಸಿಕೊಂಡಳು. ಬೇಡ ಅನ್ನಲಿಲ್ಲ.

ನಗು ಸ್ವಲ್ಪ ಇಳಿದಾಗ ಮುತ್ತವ್ವ ಮೆಲ್ಲಗೆ ಬಾಯಿಬಿಟ್ಟಳು.

"ಹಂಗಾರ ಕೂಸನ್ನ ಇಟ್ಕೋತೀರ್ರೀ ಅಮ್ಮಾರ? ಹನುಮವ್ವ ಕೆಲಸಕ್ಕ ಹೋದ್ರ ಹಿಡಿಯಾವ್ರ ಇಲ್ರಿ. ಕಂಬಕ್ಕ ಕಟ್ಟತೀನಿ. ನಾ ನೆಟ್ಟಗ ನಡಿಯೂತನಕ ಅಂದಿದ್ರಿ. ನನಗಿನ್ನೂ ನಡಿಯಾಕ ಬರವಲ್ದು ನೋಡ್ರಿ."

ಈಗ ತಾನೇ ಅಷ್ಟು ಹೊಗಳಿದ ಸೇತುರಾಮರ ಹೆಂಡತಿ ತಟ್ಟೆಯಲ್ಲಿ ದ್ರಾಕ್ಷಿ ಹುಡುಕತೊಡಗಿದರು. ಚಕ್ರಪಾಣಿ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಯಾರೂ ಬೇಡ ಎಂದು ಹೇಳಲಿಲ್ಲ. ಇಟ್ಟುಕೊಳ್ಳಿ ಎಂದೂ ಹೇಳಲಿಲ್ಲ. ಮದುವೆಮನೆ, ಹೊಸ ನೆಂಟರು, ಎದುರುಮನೆ, ಕೂಲಿಯವಳದೆಂದು ಈಗ ಎಲ್ಲರಿಗೂ ಗೊತ್ತಾದ ಕೂಸು. ಕೋಕಿಲಾ ಒಂದೊಂದು ಮುಖವನ್ನೂ ನೋಡಿದಳು. ಹೂಂ ಎಂದರೆ ಮುಗಿದುಹೋಗುತ್ತಿತ್ತು. ಆ ಹೂಂ ನಾಲಿಗೆಯ ತುದಿಯವರೆಗೂ ಬಂದಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಇರಬಹುದು.

"ಈಗ ಮಗಳ ಮದುವೆ ಇದೆಯಮ್ಮ," ಎಂದಳು. "ಅದು ಮುಗೀಲಿ, ನೋಡೋಣ."

ಬಾಗಿಲ ಹತ್ತಿರ ನಿಂತಿದ್ದ ರಾಗಿಣಿ ತಾಯಿಯ ಕಡೆ ತಿರುಗಿ ನೋಡಿದಳು.

ಕೋಕಿಲಾ ಒಳಗೆ ಹೋಗಿ ಬೆಳ್ಳಿತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು, ಒಂದು ರವಿಕೆ ಕಣ ಇಟ್ಟುಕೊಂಡು ಬಂದಳು. ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸಬಾರದಲ್ಲ, ಎಷ್ಟಾದರೂ ಶಾಸ್ತ್ರ ಬಿಡದ ಮನೆ. ಕುಂಕುಮ ಬಂತೆಂದರೆ ಇನ್ನು ಏಳಿ ಎಂದರ್ಥ. ಅದು ಕೊಪ್ಪಳದವಳಿಗೂ ಗೊತ್ತು, ಬಸವೇಶ್ವರನಗರದವಳಿಗೂ ಗೊತ್ತು. ಮುತ್ತವ್ವ ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿದಳು. ಆಮೇಲೆ ಬೆರಳಂಚಿನಲ್ಲಿ ಕುಂಕುಮ ತೆಗೆದು ಹಣೆಗಿಟ್ಟುಕೊಂಡು, ಓಡಿಹೋದ ಗಂಡನ ತಾಳಿಗೂ ಮುಟ್ಟಿಸಿಕೊಂಡಳು. ಎಣ್ಣೆಯ ಶೀಶೆಯನ್ನು ಸ್ಟೂಲಿನ ಮೇಲಿಟ್ಟು, ಊರುಗೋಲು ಊರಿ ಎದ್ದಳು.

ಹನುಮವ್ವನ ಸೊಂಟದಿಂದ ನೀಲಾ ಎರಡೂ ಕೈ ಚಾಚಿ ಕೋಕಿಲಾಳ ಕಡೆಗೆ ಬಾಗಿದಳು. ಕೋಕಿಲಾ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಕೆಳಗಿಡಲಿಲ್ಲ.

ರಾಗಿಣಿ ಅವರ ಜೊತೆಗೆ ಹೊರಗೆ ಹೋದಳು. ಆಟೋ ಕರೆದದ್ದು, ಮುತ್ತವ್ವನ ಕಾಲನ್ನು ಎತ್ತಿ ಒಳಗಿಟ್ಟದ್ದು, ಕೂಸನ್ನು ಒಮ್ಮೆ ಎತ್ತಿಕೊಂಡು ಮತ್ತೆ ಕೊಟ್ಟದ್ದು ಎಲ್ಲವೂ ಕಿಟಕಿಯಿಂದ ಕಾಣುತ್ತಿತ್ತು. ಒಳಗೆ ಚಕ್ರಪಾಣಿ ಪಂಚಾಂಗ ತೆಗೆದಿದ್ದರು. ಮಾಘದಲ್ಲಿ ಒಳ್ಳೆಯ ಮುಹೂರ್ತಗಳಿವೆ, ನಿಧಾನವಾಗಿ ಛತ್ರ ನೋಡಬಹುದು ಎಂದು ಸೇತುರಾಮ ಹೇಳುತ್ತಿದ್ದರು. ರಾಗಿಣಿ ವಾಪಸು ಬಂದು, ತಾಯಿಯ ಪಕ್ಕದಲ್ಲಿ ಜಾಗವಿದ್ದರೂ ಸೇತುರಾಮರ ಹೆಂಡತಿಯ ಪಕ್ಕದಲ್ಲಿ ಹೋಗಿ ಕೂತಳು.

"ಮಾಘದ ತನಕ ಯಾಕೆ ಸಾರ್?" ಎಂದಳು. "ಇದಕ್ಕಿಂತ ಹತ್ತಿರದ್ದು ಯಾವುದೂ ಇಲ್ವಾ? ಮುಂದಿನ ತಿಂಗಳೇ ಆದ್ರೂ ಪರವಾಗಿಲ್ಲ."

ಹುಡುಗಿಯ ಅವಸರ ಕಂಡು ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಭಿನವ್ ಕೆಂಪಗಾದ. ರಾಗಿಣಿ ನಗಲಿಲ್ಲ, ತಾಯಿಯ ಮುಖವನ್ನೇ ನೋಡುತ್ತಿದ್ದಳು. ಮಗಳು ಗಂಡನ ಮನೆಗೆ ಹೋಗುವ ಅವಸರದಲ್ಲಿಲ್ಲ, ಈ ಮನೆಯಿಂದ ಹೋಗುವ ಅವಸರದಲ್ಲಿದ್ದಾಳೆ ಎನ್ನುವುದು ಕೋಕಿಲಾಳೊಬ್ಬಳಿಗೆ ತಿಳಿಯಿತು. ಅವಳು ಎದ್ದು, ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಮಾಡಲು ಒಳಗೆ ಹೋದಳು.